ಮುಚ್ಚಳಿಕೆ ಬರೆಯಲೊಲ್ಲದ ಮಾಲೀಕರಿಗೆ

ಸೆಂಟರ್‌ವಿಲ್, ವರ್ಜೀನಿಯಾ



ನಿಮ್ಮ ಹೆಸರು ಬರೆಯುವುದಿಲ್ಲ, ನಿಮ್ಮ ಬ್ಯೂಟಿ ಸ್ಕೂಲಿನ ಹೆಸರೂ ಬೇಡ. ಈ ಸೀಮೆಯ ಕನ್ನಡದವರ ಕಥೆ ನಿಮಗೇ ಗೊತ್ತು: ಸೆಂಟರ್‌ವಿಲ್‌ನಲ್ಲಿ ಒಬ್ಬರು ಸೀನಿದರೆ ಚಾಂಟಿಲಿಯಲ್ಲಿ ಇನ್ನೊಬ್ಬರು ನೂರು ವರ್ಷ ಅನ್ನುತ್ತಾರೆ. ಓದಿದವರಿಗೆ ಯಾರೆಂದು ಹೊಳೆಯದಿದ್ದರೆ ನನ್ನ ಪುಣ್ಯ, ಹೊಳೆದರೆ ನಿಮ್ಮ ಕೀರ್ತಿ.

ಯುಗಾದಿ ಕಾರ್ಯಕ್ರಮದ ದಿನ ವೇದಿಕೆಯ ಹಿಂದಿನ ಕೋಣೆಯಲ್ಲಿ ಕೋಸಂಬರಿಯ ತಟ್ಟೆ ಹಿಡಿದು ನಿಂತಿದ್ದಿರಿ. ಪಕ್ಕದವರಿಗೆ ಹೇಳುತ್ತಿದ್ದಿರಿ: "ಷಾರ್ಲೆಟ್‌ನಲ್ಲಿ ಒಂದು ಬ್ರಾಂಚ್ ತೆಗೆಯೋಣ ಅಂದ್ರೆ ಶ್ಯೂರಿಟಿ ಬಾಂಡ್ ಕೊಡು ಅಂತಾರೆ. ಮುಚ್ಚಳಿಕೆ ಬರೆಸ್ಕೊಳ್ಳೋಕೆ ನಾವೇನು ರೌಡಿಗಳಾ?" ನಾನಾಗ ಏಳು ವರ್ಷದ ಕೃಷ್ಣನೊಬ್ಬನ ಕೆನ್ನೆಗೆ ನೀಲಿ ಹಚ್ಚುತ್ತಿದ್ದೆ. ನಿಮ್ಮ ದನಿಯಲ್ಲಿದ್ದ ನೋವಿಗೆ ಕೈ ಜಾರಿ ನೀಲಿ ಅವನ ಕಿವಿಯ ತನಕ ಹರಿಯಿತು. ಹುಡುಗನ ತಾಯಿ ಇನ್ನೂ ನನ್ನ ಮೇಲೆ ಸಿಟ್ಟಾಗಿದ್ದಾರೆ. ಆ ಲೆಕ್ಕವನ್ನೂ ಈ ಪತ್ರದಲ್ಲೇ ಚುಕ್ತಾ ಮಾಡಿಕೊಳ್ಳೋಣ ಎಂದುಕೊಂಡಿದ್ದೇನೆ.

ಅದೇ ಸಂಜೆ ನನ್ನನ್ನೂ ಕರೆದು, "ನಿಮ್ಮ ಕೈಯಲ್ಲಿ ಕಲೆ ಇದೆ, ಲೈಸೆನ್ಸ್ ಮಾಡ್ಕೊಳ್ಳಿ, ಪೂರ್ತಿ ಫೀಸು ಒಟ್ಟಿಗೆ ಕಟ್ಟಿದ್ರೆ ಹತ್ತು ಪರ್ಸೆಂಟ್ ಬಿಡ್ತೀನಿ, ನಮ್ಮವರಲ್ವಾ" ಅಂದಿರಿ. ಒಂದೇ ಗಂಟೆಯೊಳಗೆ ಎರಡು ಮಾತು: ಸರ್ಕಾರ ನನ್ನನ್ನು ನಂಬುತ್ತಿಲ್ಲ ಎಂಬುದೊಂದು, ನೀವು ನನ್ನನ್ನು ಒಟ್ಟಿಗೆ ನಂಬಿಬಿಡಿ ಎಂಬುದೊಂದು. ಇವೆರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಮೂರು ವಾರ ನಿದ್ದೆಗೆಟ್ಟೆ.

ನಿಮ್ಮ ಅವಮಾನ ನನಗೆ ಅರ್ಥವಾಗುತ್ತದೆ. ನಮ್ಮ ಅರಸೀಕೆರೆಯಲ್ಲಿ ಮುಚ್ಚಳಿಕೆ ಅಂದರೆ ಗಣಪತಿ ಮೆರವಣಿಗೆಗೆ ಮುಂಚೆ ಠಾಣೆಯ ಗೋಡೆಗೆ ಒರಗಿ ಕೂತವರು ಬರೆದುಕೊಡುವಂಥದ್ದು. ಕೋಟು ತೊಟ್ಟು, ಕನ್ನಡ ಕಾರ್ಯಕ್ರಮಕ್ಕೆ ಬೆಳ್ಳಿ ಪ್ರಾಯೋಜಕರಾದ ನಿಮ್ಮಂಥವರಿಂದ ಅದನ್ನು ಕೇಳುವುದೆಂದರೇನು! ಕೇಳಬೇಕಾದ್ದು ವಿದ್ಯಾರ್ಥಿನಿಯರಿಂದ. ಅದನ್ನು ನೀವು ಕೇಳುತ್ತಲೂ ಇದ್ದೀರಿ ಎಂಬುದು ನಿಮ್ಮ ಶಾಲೆ ನೋಡಲು ಬಂದ ದಿನ ಗೊತ್ತಾಯಿತು.

ಬಾಗಿಲು ದಾಟಿದ ಕೂಡಲೇ ಬೆರಳಚ್ಚಿನ ಗಡಿಯಾರ. ಬಂದಾಗ ಒಂದು ಸಲ ಒತ್ತಬೇಕು, ಊಟಕ್ಕೆ ಹೋಗುವಾಗ ಒಂದು, ಬಂದಾಗ ಒಂದು, ಮನೆಗೆ ಹೊರಟಾಗ ಒಂದು. ಸ್ವಲ್ಪ ತಡವಾದರೆ ಕಾಲು ಗಂಟೆ ವಜಾ. ಒಪ್ಪಂದದ ಅವಧಿಯಲ್ಲಿ ಗಂಟೆಗಳು ಮುಗಿಯದಿದ್ದರೆ ಮಿಕ್ಕ ಪ್ರತಿ ಗಂಟೆಗೂ ದಂಡ. ಕತ್ತರಿ, ಬಾಚಣಿಗೆ ಮತ್ತು ಕೂದಲಿರುವ ಪ್ಲಾಸ್ಟಿಕ್ ತಲೆ ಇರುವ ಕಿಟ್ಟಿನ ದುಡ್ಡು ಯಾವ ಕಾರಣಕ್ಕೂ ವಾಪಸಿಲ್ಲ. ಹಿಂದಿನ ಹಾಲಿನಲ್ಲಿ ನಿಜವಾದ ತಲೆಗಳು: ಕಡಿಮೆ ದರಕ್ಕೆ ಕೂದಲು ಕತ್ತರಿಸಿಕೊಳ್ಳಲು ಬಂದ ಗಿರಾಕಿಗಳು. ಕತ್ತರಿಸುವವಳು ನಿಮಗೆ ಫೀಸು ಕಟ್ಟಿದವಳು, ಕತ್ತರಿಸಿಕೊಂಡವನೂ ನಿಮಗೇ ಹಣ ಕೊಟ್ಟು ಹೋಗುವವನು. ಎರಡೂ ಕಡೆಯಿಂದ ದುಡಿಯುವ ಇಂಥ ಕತ್ತರಿ ನಮ್ಮೂರ ಸವಿತಾ ಸಮಾಜದ ಅಂಗಡಿಗಳಲ್ಲಿ ನಾನು ಕಂಡಿಲ್ಲ. ಅಲ್ಲಿ ಕೆಲಸ ಕಲಿಯುವ ಹುಡುಗನಿಗೆ ಊಟವನ್ನಾದರೂ ಹಾಕುತ್ತಿದ್ದರು.

ಒಬ್ಬ ಹುಡುಗಿಯನ್ನು ದಿನಕ್ಕೆ ನಾಲ್ಕು ಸಲ ಬೆರಳೊತ್ತಿಸಿ ಅನುಮಾನಿಸುವ ಶಾಲೆ, ತನ್ನನ್ನು ಲೈಸೆನ್ಸಿನ ಹೊತ್ತಿಗೆ ಒಮ್ಮೆ ಅನುಮಾನಿಸಿದರೆ ಬಿಕ್ಕುತ್ತದೆ. ಎಂಥ ಕೋಮಲ ಹೃದಯ!

ಇರಲಿ, ಷಾರ್ಲೆಟ್ ಇರುವ ಕೆರೊಲಿನಾದವರು ನಿಮ್ಮಿಂದ ಕೇಳಿದ್ದಾದರೂ ಏನು ಎಂದು ನೋಡಿದೆ. ನಾರ್ತ್ ಕೆರೊಲಿನಾದ ಕಾನೂನಿನ 88ಬಿ ಅಧ್ಯಾಯ, 17ನೇ ಕಲಂ. ಖಾಸಗಿ ಸೌಂದರ್ಯ ಶಾಲೆಯವರು ಕಾಸ್ಮೆಟಿಕ್ ಆರ್ಟ್ ಬೋರ್ಡಿನ ಹೆಸರಿಗೆ ಖಾತರಿ ಬಾಂಡ್ ಕೊಡಬೇಕು. ಹಿಂದಿನ ಹಣಕಾಸು ವರ್ಷದಲ್ಲಿ ಯಾವುದೇ ಒಂದು ದಿನ ನಿಮ್ಮ ಕೈಯಲ್ಲಿದ್ದ ಮುಂಗಡ ಫೀಸು ಅತಿ ಹೆಚ್ಚೆಂದರೆ ಎಷ್ಟಿತ್ತೋ ಅಷ್ಟಾದರೂ ಬಾಂಡಿನ ಮೊತ್ತ ಇರಬೇಕು. ಯಾವ ಲೆಕ್ಕಕ್ಕೂ 10,000 ಡಾಲರಿಗಿಂತ ಕಡಿಮೆ ಇರಬಾರದು. ಆ ಮೊತ್ತಕ್ಕೆ ಹೇಗೆ ಬಂದಿರಿ ಎಂಬುದನ್ನು ಬಿಡಿಸಿ ಬರೆದು ಸಹಿ ಹಾಕಿದ ಪತ್ರವೂ ಜೊತೆಗಿರಬೇಕು.

ಇದರಲ್ಲಿ ನನಗೆ ಬಹಳ ಹಿಡಿಸಿದ ಪದ 'ಮುಂಗಡ'. ಕಾನೂನು ನಿಮ್ಮ ಚಾರಿತ್ರ್ಯವನ್ನು ಕೇಳಲೇ ಇಲ್ಲ, ಇನ್ನೂ ಕಲಿಸದ ಪಾಠಕ್ಕೆ ಎಷ್ಟು ದುಡ್ಡು ಇಟ್ಟುಕೊಂಡಿದ್ದೀರಿ ಎಂದಷ್ಟೇ ಕೇಳಿತು. ಕಲಿಸುತ್ತಾ ಕಲಿಸುತ್ತಾ ತಿಂಗಳು ತಿಂಗಳು ತೆಗೆದುಕೊಂಡರೆ ಮುಂಗಡವೂ ಸಣ್ಣದು, ಬಾಂಡೂ ಸಣ್ಣದು. ನಮ್ಮ ಪುರಾಣದ ಗುರುಗಳಿಗೆ ಬಾಂಡ್ ಬೇಕಾಗಲಿಲ್ಲ ಎಂದು ನೀವು ಹೇಳಬಹುದು. ನಿಜ, ಅವರು ದಕ್ಷಿಣೆ ತೆಗೆದುಕೊಳ್ಳುತ್ತಿದ್ದುದು ವಿದ್ಯೆ ಮುಗಿದ ಮೇಲೆ. ದ್ರೋಣರು ಸೀಟು ಕೊಡದ ಹುಡುಗನ ಹೆಬ್ಬೆರಳು ಕೇಳಿದರು, ಒಪ್ಪಿದೆ, ಆದರೆ ಅಡ್ಮಿಷನ್ ಫಾರ್ಮಿನ ಜೊತೆಯಲ್ಲಿ ಕೇಳಲಿಲ್ಲ.

ಈ ಬಾಂಡಿನ ಖರ್ಚು ನಿಮ್ಮನ್ನು ಮುಳುಗಿಸುತ್ತದೆ ಎಂದೂ ಕೇಳಿಸಿಕೊಂಡೆ. 10,000 ಡಾಲರಿನ ಬಾಂಡಿಗೆ 10,000 ಡಾಲರ್ ಕಟ್ಟಬೇಕಿಲ್ಲ. ನಿಮ್ಮ ಸಾಲದ ಚರಿತ್ರೆ ನೆಟ್ಟಗಿದ್ದರೆ ಜಾಮೀನು ಕಂಪನಿಗೆ ವರ್ಷಕ್ಕೆ ಶೇಕಡ ಒಂದೋ ಎರಡೋ ಮೂರೋ ಕೊಟ್ಟರಾಯಿತು, ಅಂದರೆ ನೂರರಿಂದ ಮುನ್ನೂರು ಡಾಲರ್. ಒಬ್ಬ ಮದುಮಗಳ ಮೇಕಪ್ಪಿಗೆ ನಿಮ್ಮ ಸಲೂನು ಹೇಳುವ ದರ ನನಗೆ ಗೊತ್ತಿದೆ. ಮುಹೂರ್ತದ ಸೀರೆ ಒಂದು, ಆರತಕ್ಷತೆಯ ಲೆಹೆಂಗಾ ಒಂದು, ಅಷ್ಟರಲ್ಲಿ ನಿಮ್ಮ ವರ್ಷದ ಮರ್ಯಾದೆ ಪಾರಾಯಿತು.

"ಪ್ರೀಮಿಯಂ ಕಟ್ಟೋದು ನಾವು, ನಮಗೇನು ಲಾಭ?" ಅಂದಿರಲ್ಲ, ಅದೊಂದು ಮಾತು ಮಾತ್ರ ನೂರಕ್ಕೆ ನೂರು ಸರಿ. ಏನೂ ಇಲ್ಲ. ಇದು ವಿಮೆಯಲ್ಲ, ಜಾಮೀನು. ಸೊಸೈಟಿ ಸಾಲಕ್ಕೆ ಷಡ್ಡಕ ಜಾಮೀನು ನಿಂತ ಹಾಗೆ. ನೀವು ಬಾಗಿಲು ಹಾಕಿ ಓಡಿದರೆ ಕಂಪನಿ ಹುಡುಗಿಯರಿಗೆ ದುಡ್ಡು ಕೊಟ್ಟು, ಆಮೇಲೆ ಅದನ್ನು ವಸೂಲು ಮಾಡಲು ನಿಮ್ಮ ಮನೆಗೇ ಬರುತ್ತದೆ. ಷಡ್ಡಕನಾದರೆ ಹಬ್ಬದಲ್ಲಿ ಮುಖ ಊದಿಸಿಕೊಂಡು ಸುಮ್ಮನಾಗುತ್ತಾನೆ, ಕಂಪನಿ ಲಾಯರನ್ನು ಕಳಿಸುತ್ತದೆ. ಅದಕ್ಕೇ ಅದು ಬಾಂಡ್ ಬರೆಯುವ ಮೊದಲು ನಿಮ್ಮ ಲೆಕ್ಕಪತ್ರವನ್ನೆಲ್ಲ ಜಾಲಾಡಿ ನೋಡುವುದು. ಕೂದಲಿಗೆ ಬಣ್ಣ ಹಾಕುವ ಮೊದಲು ಕಿವಿಯ ಹಿಂದೆ ಒಂದು ಚುಕ್ಕೆ ಹಚ್ಚಿ ತುರಿಕೆಯಾಗುತ್ತದೆಯೇ ನೋಡಿ ಎಂದು ನೀವೇ ಕಲಿಸುತ್ತೀರಿ. ಇದು ಮಾಲೀಕರಿಗೆ ಅದೇ ಪರೀಕ್ಷೆ. ತುರಿಕೆ ಆಗಲೇ ಶುರುವಾದಂತಿದೆ.

ಅಟ್ಲಾಂಟಾದಲ್ಲಿರುವ ನನ್ನ ನಾದಿನಿ ಅಲ್ಲಿನ ಏರ್ಪಾಟು ಹೇಳಿದಳು. ಜಾರ್ಜಿಯಾದಲ್ಲಿ ಬಾಂಡಿನ ಜೊತೆಗೆ ಶಾಲೆಗಳೇ ಹಣ ಹಾಕುವ ಟ್ಯೂಷನ್ ಗ್ಯಾರಂಟಿ ನಿಧಿಯೂ ಇದೆಯಂತೆ. ಅಂದರೆ ಒಬ್ಬ ಮಾಲೀಕ ಓಡಿದರೆ ಉಳಿದವರ ಗಂಟೂ ಸ್ವಲ್ಪ ಕರಗುತ್ತದೆ. ಅಲ್ಲಿ ಬ್ರಾಂಚ್ ತೆಗೆದರೆ ನಿಮಗೆ ಒಳ್ಳೆಯ ಜೊತೆಗಾರರು ಸಿಗುತ್ತಾರೆ, ಒಬ್ಬರನ್ನೊಬ್ಬರು ಕಾಯಬಹುದು.

"ಯಾರು ಸ್ವಾಮಿ ಓಡಿಹೋಗ್ತಾರೆ?" ಎಂದು ಕೇಳಿದ್ದಿರಿ. ಆಗ ಬಾಯಿಗೆ ಬರಲಿಲ್ಲ, ಈಗ ಬರೆಯುತ್ತೇನೆ. 2016ರ ಫೆಬ್ರವರಿಯಲ್ಲಿ ಮರಿನೆಲ್ಲೊ ಸ್ಕೂಲ್ಸ್ ಆಫ್ ಬ್ಯೂಟಿ ಎಂಬ ಸಂಸ್ಥೆ ತನ್ನ 56 ಶಾಲೆಗಳನ್ನೂ ಮುಚ್ಚಿತು. ಕೇಂದ್ರ ಶಿಕ್ಷಣ ಇಲಾಖೆ ಸಾಲದ ನೆರವು ನಿಲ್ಲಿಸಿದ್ದೇ ತಡ, ಬಾಗಿಲು ಬಿತ್ತು. ಅದೇ ವರ್ಷ ಸೆಪ್ಟೆಂಬರ್ 28ರಂದು ರೀಜೆನ್ಸಿ ಬ್ಯೂಟಿ ಇನ್‌ಸ್ಟಿಟ್ಯೂಟ್, 79 ಶಾಲೆ, ಒಂದೇ ದಿನ. ಇನ್ನೆರಡು ವರ್ಷಕ್ಕೆ, 2018ರ ಡಿಸೆಂಬರಿನಲ್ಲಿ, ನಮ್ಮ ರಾಜ್ಯದ ಹೆಸರಿಟ್ಟುಕೊಂಡ ವರ್ಜೀನಿಯಾ ಕಾಲೇಜ್ ನಡೆಸುತ್ತಿದ್ದ ಅಲಬಾಮಾದ ಕಂಪನಿ ತನ್ನ ಬಹುತೇಕ ಎಲ್ಲ ಕ್ಯಾಂಪಸ್‌ಗಳಿಗೂ ಬೀಗ ಹಾಕಿತು. ಓಡಿಹೋದರು ಎಂದು ನಾನೂ ಅನ್ನುವುದಿಲ್ಲ. ನಿಂತಲ್ಲೇ ಮಾಯವಾದರು ಎನ್ನೋಣ, ಮರ್ಯಾದೆಯ ಮಾತು.

ಮರಿನೆಲ್ಲೊ ವಿಷಯದಲ್ಲಿ ನನ್ನ ಗಂಟಲಲ್ಲಿ ಸಿಕ್ಕಿಕೊಂಡ ಸಂಗತಿ ಬೇರೆ. ಮುಚ್ಚಿ ಆರು ವರ್ಷವಾದ ಮೇಲೆ, 2022ರ ಏಪ್ರಿಲ್‌ನಲ್ಲಿ, ಶಿಕ್ಷಣ ಇಲಾಖೆ ಅಲ್ಲಿ ಓದಿದ್ದ 28,000 ಮಂದಿಯ 23.8 ಕೋಟಿ ಡಾಲರ್ ಸಾಲ ಮನ್ನಾ ಮಾಡಿತು. ಕಾರಣ ಹೇಳುವಾಗ ಇಲಾಖೆ ಬರೆದದ್ದೇನು ಗೊತ್ತೆ? ಶಾಲೆ ವಾರಗಟ್ಟಲೆ, ತಿಂಗಳುಗಟ್ಟಲೆ ಪಾಠ ಹೇಳುವವರಿಲ್ಲದೆ ನಡೆಯಿತು, ಕೂದಲು ಕತ್ತರಿಸುವುದನ್ನೂ ಸರಿಯಾಗಿ ಕಲಿಸಲಿಲ್ಲ ಎಂದು. ಕೂದಲು ಕತ್ತರಿಸಲು ಬಾರದ ಶಾಲೆ ಜೇಬು ಕತ್ತರಿಸುವುದನ್ನು ಎಲ್ಲಿ ಕಲಿಯಿತೋ.

ಆ ಸಾಲಮನ್ನಾ ಸರ್ಕಾರಿ ಸಾಲ ತೆಗೆದವರಿಗೆ. ನನ್ನಂಥವಳಿಗಲ್ಲ. ನಾನಿರುವುದು ಎಚ್-4 ವೀಸಾದಲ್ಲಿ. ಕೈಹಿಡಿದವರ ಜೊತೆ ಬಂದವಳು. ಓದಬಹುದು, ಸರ್ಕಾರದ ವಿದ್ಯಾರ್ಥಿ ಸಾಲ ಮಾತ್ರ ಸಿಗುವುದಿಲ್ಲ. ಕೆಲಸ ಮಾಡುವ ಪರವಾನಗಿ 2015ರಿಂದ ಕೆಲವರಿಗೆ ಸಿಗುತ್ತಿದೆ, ಗಂಡನ ಹಸಿರು ಕಾರ್ಡಿನ ಅರ್ಜಿ ಒಂದು ಹಂತ ದಾಟಿದ್ದರೆ. ನಮ್ಮದು ದಾಟಿದೆ, ಅದಕ್ಕೇ ಲೈಸೆನ್ಸಿನ ಆಸೆ. ಈ ಊರಿನ ಅಪಾರ್ಟ್‌ಮೆಂಟುಗಳಲ್ಲಿ ಇಂಜಿನಿಯರಿಂಗ್ ಓದಿ ಹುಬ್ಬು ತೀಡಲು ಕಲಿತ ಎಷ್ಟು ಹೆಣ್ಣುಮಕ್ಕಳಿದ್ದಾರೆ ಎಂಬುದನ್ನು ನೀವು ಬಲ್ಲಿರಿ, ನಿಮ್ಮ ಜಾಹೀರಾತು ನಮ್ಮ ವಾಟ್ಸ್ಯಾಪ್ ಗುಂಪುಗಳಿಗೇ ಬರುವುದು. ನಾವು ಫೀಸು ಕಟ್ಟುವುದು ಉಳಿತಾಯದಿಂದ, ಊರಿನಿಂದ ತಂದ ಬಳೆ ಮಾರಿ, ಇಲ್ಲವೇ ಗಂಡನ ಕ್ರೆಡಿಟ್ ಕಾರ್ಡಿನಲ್ಲಿ. ಶಾಲೆ ಮುಚ್ಚಿದರೆ ವಾಷಿಂಗ್ಟನ್ನಿನ ಯಾವ ಇಲಾಖೆಯ ಮನ್ನಾ ಪಟ್ಟಿಯಲ್ಲೂ ನಮ್ಮ ಹೆಸರಿರುವುದಿಲ್ಲ. ನಾಳೆ ಷಾರ್ಲೆಟ್‌ನಲ್ಲಿ ಸೇರುವ ನಮ್ಮಂಥವರಿಗಿರುವುದು ನಿಮಗೆ ಮುಜುಗರ ತಂದ ಆ ಒಂದು ಹಾಳೆ.

"ನಮ್ಮವರಿಗೆ ನಮ್ಮ ಮೇಲೆ ನಂಬಿಕೆ ಬೇಡವೇ?" ಎಂದು ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ. ನಮ್ಮ ತಾಯಿ ಅರಸೀಕೆರೆಯಲ್ಲಿ ಚೀಟಿ ಹಾಕುತ್ತಿದ್ದರು. ನಡೆಸುತ್ತಿದ್ದವರು ಪಕ್ಕದ ಬೀದಿಯವರು, ನಮ್ಮವರೇ, ಶುಕ್ರವಾರ ಅರಿಶಿನ ಕುಂಕುಮಕ್ಕೆ ಕರೆಯುತ್ತಿದ್ದವರು. ಒಂದು ಸೋಮವಾರ ಬೆಳಿಗ್ಗೆ ಆ ಮನೆಯ ಮುಂದೆ ರಂಗೋಲಿ ಇರಲಿಲ್ಲ. ಮಧ್ಯಾಹ್ನದೊಳಗೆ ಇಪ್ಪತ್ತು ಹೆಂಗಸರು ಆ ಖಾಲಿ ಅಂಗಳದಲ್ಲಿ ನಿಂತಿದ್ದರು, ನಮ್ಮಮ್ಮನೂ. 1982ರ ಚಿಟ್ ಫಂಡ್ ಕಾಯ್ದೆಯ ಪ್ರಕಾರ ನೋಂದಾಯಿತ ಚೀಟಿ ನಡೆಸುವವರು ಚೀಟಿ ಶುರುವಾಗುವ ಮೊದಲೇ ಭದ್ರತೆ ಇಡಬೇಕು ಎಂಬುದು ಅಮ್ಮನಿಗೆ ತಿಳಿದದ್ದು ಆಮೇಲೆ. "ಗೊತ್ತಿದ್ರೂ ಕೇಳ್ತಿದ್ನಾ? ನಮ್ಮವಳನ್ನ ಹೇಗೆ ಕೇಳೋದು" ಅಂದಿದ್ದರು.

ಬೆಂಗಳೂರಿನಲ್ಲೂ ಅದೇ ಕಥೆ: ಬಸವನಗುಡಿಯ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ 2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿದಾಗ ಠೇವಣಿದಾರರು ತೆಗೆಯಬಹುದಾಗಿದ್ದದ್ದು 35,000 ರೂಪಾಯಿ ಮಾತ್ರ. ಪಿಂಚಣಿಯ ಗಂಟನ್ನು ಅಲ್ಲಿಟ್ಟವರಲ್ಲಿ ಎಷ್ಟೋ ಮಂದಿ ಗುರುಗಳ ಹೆಸರು ನೋಡಿಯೇ ಇಟ್ಟಿದ್ದರು. ಠೇವಣಿ ವಿಮೆಯ ಮಿತಿ ಒಂದು ಲಕ್ಷದಿಂದ ಐದು ಲಕ್ಷಕ್ಕೆ ಏರಿದ್ದು ಅದರ ಮರುತಿಂಗಳು. ಕೊನೆಗೆ ಕೈಗೆ ಬಂದದ್ದು ಬೋರ್ಡಿನ ಮೇಲಿದ್ದ ಹೆಸರಿನಿಂದಲ್ಲ, ಯಾರೂ ಓದದ ವಿಮೆಯ ಕಾಯ್ದೆಯಿಂದ.

ಈ ಬಾಂಡನ್ನು ನಾನು ವಿಪರೀತ ಹೊಗಳುತ್ತಿದ್ದೇನೆ ಎಂದು ನಿಮಗೆ ಅನಿಸಿದ್ದರೆ ಈಗ ಸ್ವಲ್ಪ ನಿಮ್ಮ ಪಕ್ಷಕ್ಕೆ ಬರುತ್ತೇನೆ. ಈ ನಮ್ಮ ಸೆಂಟರ್‌ವಿಲ್‌ನ ಇತಿಹಾಸ ನಿಮಗೆ ಗೊತ್ತಿರಬೇಕು. 1861ರ ಜುಲೈ 21, ಭಾನುವಾರ, ಅಮೆರಿಕದ ಅಂತರ್ಯುದ್ಧದ ಬುಲ್ ರನ್ ಕಾಳಗ ನೋಡಲು ವಾಷಿಂಗ್ಟನ್ನಿನ ದೊಡ್ಡ ಮನುಷ್ಯರು ಬುತ್ತಿ ಕಟ್ಟಿಕೊಂಡು ಸಾರೋಟಿನಲ್ಲಿ ಸೆಂಟರ್‌ವಿಲ್ ದಿಬ್ಬಕ್ಕೆ ಬಂದಿದ್ದರು, ಗೆಲುವು ನಮ್ಮದೇ ಎಂಬ ಖಾತರಿಯಲ್ಲಿ. ಸಂಜೆ ಅವರೂ ಸೈನಿಕರೂ ಒಂದೇ ರಸ್ತೆಯಲ್ಲಿ ಒಬ್ಬರನ್ನೊಬ್ಬರು ತಳ್ಳುತ್ತಾ ಹಿಂದಕ್ಕೆ ಓಡಿದರು. ಅದಕ್ಕಿಂತ ಸ್ವಾರಸ್ಯ ಆ ಚಳಿಗಾಲದ್ದು. ದಕ್ಷಿಣದ ಸೇನೆ ಇಲ್ಲಿ ಬೀಡುಬಿಟ್ಟಿತ್ತು, ಅವರ ಕೋಟೆಯಲ್ಲಿ ಸಾಲಾಗಿ ಫಿರಂಗಿಗಳು. ಉತ್ತರದ ಸೇನಾಪತಿ ಮೆಕ್ಲೆಲನ್ ತಿಂಗಳುಗಟ್ಟಲೆ ಮುಂದಕ್ಕೆ ಹೆಜ್ಜೆ ಇಡಲಿಲ್ಲ. 1862ರ ಮಾರ್ಚ್‌ನಲ್ಲಿ ಶತ್ರುಗಳು ತಾವಾಗಿಯೇ ಜಾಗ ಖಾಲಿ ಮಾಡಿದ ಮೇಲೆ ಹೋಗಿ ನೋಡಿದರೆ ಹಲವು ಫಿರಂಗಿಗಳು ಬರೀ ಮರದ ದಿಮ್ಮಿಗಳು, ಕಪ್ಪು ಬಣ್ಣ ಬಳಿದವು. ಅಹಿಂಸೆಯ ವ್ರತ ಹಿಡಿದ ಕ್ವೇಕರ್ ಪಂಥದವರ ಹೆಸರಿನಲ್ಲಿ ಅವನ್ನು ಕ್ವೇಕರ್ ಗನ್ ಅನ್ನುತ್ತಾರೆ, ಫೋಟೋಗಳೂ ಇವೆ. ನನ್ನ ಲೆಕ್ಕದಲ್ಲಿ ಸೆಂಟರ್‌ವಿಲ್‌ನ ಹೆಸರಾಂತ ಮೇಕಪ್ ಕೆಲಸಗಳಲ್ಲಿ ಅದೇ ಮೊದಲನೆಯದು, ಲೈಸೆನ್ಸಿಲ್ಲದವರು ಮಾಡಿದ್ದು.

ಹತ್ತು ಸಾವಿರದ ಬಾಂಡನ್ನು ನೋಡಿದಾಗ ನನಗೆ ಆ ದಿಮ್ಮಿಗಳು ನೆನಪಾಗುತ್ತವೆ. ಹದಿನೈದು ಇಪ್ಪತ್ತು ಸಾವಿರ ಡಾಲರ್ ಫೀಸಿರುವ ಶಾಲೆಯಲ್ಲಿ ಹತ್ತು ಸಾವಿರವೆಂದರೆ ಒಬ್ಬ ಹುಡುಗಿಯ ಪೂರ್ತಿ ಫೀಸೂ ಅಲ್ಲ. ಮುಂಗಡದಷ್ಟು ಬಾಂಡ್ ಇರಬೇಕು ಎಂದು ಕಾನೂನು ಹೇಳುತ್ತದೆ, ಸರಿ. ಆದರೆ ಅದು ನೋಡುವುದು ಕಳೆದ ವರ್ಷದ ಮುಂಗಡ. ಈ ವರ್ಷ ನೀವು ಹತ್ತು ಪರ್ಸೆಂಟ್ ಆಮಿಷ ತೋರಿಸಿ ಇಪ್ಪತ್ತು ಮಂದಿಯಿಂದ ಎಂಟೆಂಟು ಸಾವಿರವನ್ನಾದರೂ ಒಟ್ಟಿಗೆ ಎತ್ತಿದಿರಿ ಎನ್ನಿ. ಒಂದು ಲಕ್ಷದ ಅರವತ್ತು ಸಾವಿರ. ಬಾಂಡು ಹತ್ತರಲ್ಲೇ ನಿಂತಿದ್ದರೆ ತಲೆಗೆ ಐನೂರು ಡಾಲರ್ ಬರುತ್ತದೆ, ಪ್ಲಾಸ್ಟಿಕ್ ತಲೆಯ ಕಿಟ್ಟಿನ ಬೆಲೆಗೂ ಸಾಲದು. ಮೇಲಾಗಿ ಜಾಮೀನು ಕಂಪನಿ 30 ದಿನದ ನೋಟಿಸ್ ಕೊಟ್ಟು ಬಾಂಡ್ ರದ್ದು ಮಾಡಬಹುದು. ಬಾಡಿಗೆಮನೆ ಬಿಡುವುದಕ್ಕೇ ಇಲ್ಲಿ ಎರಡು ತಿಂಗಳ ನೋಟಿಸ್ ಕೇಳುವವರಿದ್ದಾರೆ.

ಇನ್ನು ಗಂಟೆಗಳು. ನಾರ್ತ್ ಕೆರೊಲಿನಾದಲ್ಲಿ ಕಾಸ್ಮೆಟಾಲಜಿಗೆ 1,500 ಗಂಟೆ. ವಾರಕ್ಕೆ ಮೂವತ್ತೈದು ಗಂಟೆಯಂತೆ ಹತ್ತು ತಿಂಗಳು ಬೆರಳೊತ್ತಬೇಕು. 1,100ನೇ ಗಂಟೆಯಲ್ಲಿ ಶಾಲೆ ಮುಚ್ಚಿತು ಎನ್ನಿ. ಹಾಜರಿಯ ದಾಖಲೆ ಯಾರ ಕಂಪ್ಯೂಟರಿನಲ್ಲಿ, ಆ ಕಂಪ್ಯೂಟರ್ ಯಾರ ಗ್ಯಾರೇಜಿನಲ್ಲಿ? ಬೇರೆ ಶಾಲೆಯವರು ಎಷ್ಟು ಗಂಟೆಯನ್ನು ಒಪ್ಪುತ್ತಾರೆ? ಬಾಂಡ್ ಡಾಲರಿಗೆ ಉತ್ತರ ಕೊಡುತ್ತದೆ, ಮಗುವನ್ನು ಪಕ್ಕದ ಮನೆಯಲ್ಲಿ ಬಿಟ್ಟು ಹೋದ ಬೆಳಗುಗಳಿಗೆ ಕೊಡುವುದಿಲ್ಲ. ಹಾಗಾಗಿ ನೀವು ಬಾಂಡನ್ನು ಬೈದಾಗ ನಾನೂ ಜೊತೆಗೂಡಬಹುದಿತ್ತು, ನೀವು ಅದು ಹೆಚ್ಚಾಯಿತು ಎಂದು ಬೈಯದೆ ಇದ್ದಿದ್ದರೆ.

ಸರ್ಕಾರ ಎಲ್ಲದರಲ್ಲೂ ಮೂಗು ತೂರಿಸುತ್ತದೆ ಎಂದು ಟೆಕ್ಸಾಸಿನ ಉದಾಹರಣೆಯನ್ನೂ ಕೊಟ್ಟಿದ್ದಿರಿ. ಅಲ್ಲಿ ದಾರದಿಂದ ಹುಬ್ಬು ತೀಡುವ ನಮ್ಮ ಹೆಂಗಸರಿಗೂ 750 ಗಂಟೆಯ ತರಬೇತಿ ಬೇಕು ಅಂದಿದ್ದರು. ಪಟೇಲ್ ಎಂಬುವರು ಮತ್ತಿತರರು ಕೋರ್ಟಿಗೆ ಹೋದರು. 2015ರ ಜೂನ್‌ನಲ್ಲಿ ಟೆಕ್ಸಾಸ್ ಸುಪ್ರೀಂ ಕೋರ್ಟ್ ಆ ನಿಯಮವನ್ನು ತೆಗೆದುಹಾಕಿತು, ಅದರಲ್ಲಿ 320 ಗಂಟೆಯಷ್ಟು ಪಾಠಕ್ಕೂ ದಾರಕ್ಕೂ ಸಂಬಂಧವೇ ಇಲ್ಲ ಎಂದು ಕಂಡು. ತೀರ್ಪು ಕೇಳಿ ನಾನೂ ಹೋಳಿಗೆ ಮಾಡಿದ್ದೆ. ಆದರೆ ಸ್ವಾಮಿ, ಆ ನಿಯಮ ಇದ್ದಿದ್ದು ಹಲ್ಲಿನಲ್ಲಿ ದಾರ ಕಚ್ಚಿ ದುಡಿಯುವವಳ ಮೇಲೆ. ಆ 750 ಗಂಟೆಯ ಫೀಸು ಹೋಗುತ್ತಿದ್ದುದು ಶಾಲೆಗಳಿಗೆ. ಅದರ ವಿರುದ್ಧ ಬ್ಯೂಟಿ ಸ್ಕೂಲಿನ ಮಾಲೀಕರೊಬ್ಬರು ಕಣ್ಣೀರಿಟ್ಟದ್ದನ್ನು ನಾನಂತೂ ಕಂಡಿಲ್ಲ.

ಈಗ ವ್ಯವಹಾರದ ಮಾತು. ಹತ್ತು ಪರ್ಸೆಂಟ್ ರಿಯಾಯಿತಿ ನನಗೆ ಬೇಡ. ನಮ್ಮವಳೆಂಬ ವಿಶ್ವಾಸಕ್ಕೆ ಅದನ್ನು ನೀವೇ ಇಟ್ಟುಕೊಳ್ಳಿ. ನಾನು ತಿಂಗಳು ತಿಂಗಳು ಕಟ್ಟುತ್ತೇನೆ, ಆ ತಿಂಗಳ ಪಾಠ ಮುಗಿದ ಮೇಲೆ. ಪ್ರತಿ ತಿಂಗಳ ಕೊನೆಯಲ್ಲಿ ನನ್ನ ಗಂಟೆಗಳ ಲೆಕ್ಕವನ್ನು ಸಹಿ ಮಾಡಿ ಕಾಗದದಲ್ಲಿ ಕೊಡಿ, ಅಡುಗೆಮನೆಯ ಬೇಳೆ ಡಬ್ಬದ ಕೆಳಗೆ ಇಡುತ್ತೇನೆ. ಷಾರ್ಲೆಟ್ ಬ್ರಾಂಚಿನ ಬಾಂಡು ಆದ ಮೇಲೆ ಅದರ ಒಂದು ಪ್ರತಿಗೆ ಫ್ರೇಮು ಹಾಕಿಸಿ ಗಡಿಯಾರದ ಯಂತ್ರದ ಪಕ್ಕ ತೂಗುಹಾಕಿ. ಹುಡುಗಿಯರು ಬೆರಳೊತ್ತುವಾಗಲೆಲ್ಲ ಅದರ ಮೊತ್ತವನ್ನೂ ಕೊನೆಯ ದಿನಾಂಕವನ್ನೂ ಓದಿಕೊಳ್ಳಲಿ.

ಇದಿಷ್ಟು ಒಪ್ಪಿಗೆಯಾದರೆ ಬರುವ ಸೋಮವಾರ ಎಂಟೂವರೆಗೆ ಬಂದು ಸೇರುತ್ತೇನೆ. ಎಂಟು ಇಪ್ಪತ್ತೈದಕ್ಕೇ ಬರುತ್ತೇನೆ, ನಿಮ್ಮ ಗಡಿಯಾರದ ಸ್ವಭಾವ ನೋಡಿದ್ದೇನೆ.

ಇತಿ,
ನಿಮ್ಮವಳೇ ಆದ ಒಬ್ಬ ಎಚ್-4

ತಾ.ಕ.: ಕೃಷ್ಣನ ಕಿವಿಯ ನೀಲಿ ನಾಲ್ಕು ದಿನವಾದರೂ ಹೋಗಲಿಲ್ಲವಂತೆ. ಆ ಬಣ್ಣದ ಡಬ್ಬಿ ಕೊಟ್ಟವರು ನೀವು. ತೊಳೆದರೆ ಹೋಗುತ್ತದೆ, ಗ್ಯಾರಂಟಿ ಅಂದಿದ್ದಿರಿ.